ಹಗೇವಿಗೆ ಇಂಗ್ರೇಜಿ ಬರುವುದಿಲ್ಲ

ಆಗೆಲ್ಲ ನಮ್ಮ ಕಡೆಯ ಮನೆಗಳಲ್ಲಿ ಯಾವ ವಸ್ತುವಿಗೂ "ಮುಗಿಯಿತು" ಎನ್ನುತ್ತಿರಲಿಲ್ಲ. ದೀಪ ಆರಿಸುವಾಗ "ದೊಡ್ಡದು ಮಾಡು" ಎನ್ನುವರು. ಮಡಿಕೆಯಲ್ಲಿ ಉಪ್ಪು ತೀರಿದರೆ "ಉಪ್ಪು ಹೆಚ್ಚಾಗೇದ" ಎನ್ನುವರು. ಕಣಜದ ತಳ ಕಾಣಿಸಿದರೆ "ಹುಲುಸಾಯಿತು" ಎಂದು ಮೆಲ್ಲಗೆ ಹೇಳಿ, ಅಷ್ಟು ಹೇಳಿದ್ದೂ ತಪ್ಪಾಯಿತೇನೋ ಎಂಬಂತೆ ಸೆರಗಿನಿಂದ ಬಾಯಿ ಒರೆಸಿಕೊಳ್ಳುವರು. ಮನೆ ಬಿಟ್ಟು ಹೊರಟವರು "ಬರತೀನಿ" ಎಂದೇ ಹೊರಡುವರು. ನಿಮ್ಮಲ್ಲಿ ಹಲವರು ಇಂಥ ಮನೆಯಲ್ಲೇ ಬೆಳೆದಿರಬೇಕು. "ಖಾಲಿ" ಎಂದಾಗ ಅಜ್ಜಿಯ ಬೆರಳಿನ ಪೆಟ್ಟು ತುಟಿಯ ಮೇಲೆ ಬಿದ್ದದ್ದು ನಿಮಗೂ ನೆನಪಿರಬೇಕು.

ನಾನು ವ್ಯಾಪಾರದವಳು. ಔರಾದ ಶಹಾಜನಿಯ ಸಂತೆಯಲ್ಲಿ ಗೋಣಿತಟ್ಟು ಹಾಸಿಕೊಂಡು ತೊಗರಿ ಮಾರಲು ಕೂತವಳು, ಈಗ ಉದಗೀರದಲ್ಲಿ ಕಾಳು ಕೊಂಡು ಮಾರುವ ಸ್ವಂತ ಅಡತಿ ಅಂಗಡಿ ಇಟ್ಟಿದ್ದೇನೆ. ಯಾರೂ ಇಡಿಸಿಕೊಟ್ಟದ್ದಲ್ಲ. ನನ್ನ ಹತ್ತಿರ ವ್ಯಾಪಾರ ಕಲಿಯಲು ಬಂದವರಿಗೆಲ್ಲ ಮೊದಲ ದಿನ ಒಂದೇ ಮಾತು ಹೇಳುತ್ತೇನೆ: ಗಿರಾಕಿಯ ಮುಂದೆ "ಪೂರಾ" ಎಂಬ ಮಾತು ಆಡಬೇಡಿ. ಮಾಲು ಪೂರಾ ಒಣಗಿದೆ, ಪೂರಾ ಸ್ವಚ್ಛವಿದೆ ಎಂದಿರೋ, ಅವನು ಚೀಲದ ತಳಕ್ಕೇ ಕೈ ಹಾಕುತ್ತಾನೆ. "ಚಲೋ ಒಣಗೇದ" ಅನ್ನಿ, ಸಾಕು. ಮಾತಿನಲ್ಲಿ ಒಂದು ಹಿಡಿಯಷ್ಟು ಜಾಗ ಬಿಟ್ಟುಕೊಂಡವನಿಗೆ ಹಿಂದೆ ಸರಿಯಲು ನೆಲ ಇರುತ್ತದೆ. ಹುಡುಗರು ಇದನ್ನು ನನ್ನ ಜಾಣತನ ಎಂದುಕೊಳ್ಳುತ್ತಾರೆ. ಇದು ಜಾಣತನವಲ್ಲ. ಒಂದು ಬೇಸಿಗೆಯಲ್ಲಿ ನಮ್ಮ ಮನೆಯ ಅಂಗಳದಲ್ಲಿ ನಾನು ನೋಡಿದ್ದು.

ನಮ್ಮೂರು ಔರಾದದಿಂದ ವಲಾಂಡಿಯ ಕಡೆ ಹೋಗುವ ಗಾಡಿದಾರಿಯ ಮೇಲೆ ಇತ್ತು. ಮನೆಯ ಮುಂದೆ ಬೇವಿನ ಗಿಡ, ಗಿಡದ ಬದಿಗೆ ಹಗೇವು. ಈಗಿನವರಿಗೆ ಹಗೇವು ಎಂದರೆ ತಿಳಿಯದು. ನೆಲದಲ್ಲಿ ಬಾವಿಯಂತೆ ತೋಡಿದ ಕಾಳಿನ ಕುಣಿ; ಬಾಯಿ ಇಕ್ಕಟ್ಟು, ಒಳಗೆ ಹೊಟ್ಟೆ ಅಗಲ, ಗಡಿಗೆಯ ಹಾಗೆ. ಗೋಡೆಗೆ ಜೋಳದ ಕಣಿಕೆ ಕಟ್ಟಿ, ಹೊಟ್ಟು ತುಂಬಿ, ಮೇಲೆ ಕಾಳು ಸುರಿದು, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತುತ್ತಿದ್ದರು. ಹಾಗೆ ಮುಚ್ಚಿದ ಜೋಳ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಚಪ್ಪಡಿಯ ಮೇಲೆ ಕಾಲಿಟ್ಟರೆ ಕೆಳಗಿನಿಂದ ಧಬ್ ಎಂದು ಸದ್ದು ಬರುತ್ತಿತ್ತು, ಯಾರೋ ಕೆಳಗೆ ಕೂತು ಒಂದು ಸಲ ಕೆಮ್ಮಿದ ಹಾಗೆ. ಆ ಸದ್ದಿಗೆ ಹೆದರಿ ನಾವು ಮಕ್ಕಳು ಗಿಡದ ಆ ಬದಿಯಿಂದ ಸುತ್ತಿ ಹೋಗುತ್ತಿದ್ದೆವು.

ಹಗೇವಿಗೆ ಎರಡು ಕಟ್ಟಳೆಗಳಿದ್ದವು. ಒಂದು, ಬಾಯಿ ತೆಗೆದ ದಿನ ಯಾರೂ ಒಳಗೆ ಇಳಿಯಬಾರದು. ಒಂದು ಹಗಲು, ಒಂದು ರಾತ್ರಿ ಅದು ಉಸಿರು ಬಿಡಬೇಕು, ಒಳಗಿನ ಕೆಟ್ಟ ಗಾಳಿ ಹೊರಗೆ ಹೋಗಬೇಕು. ಆಮೇಲೆ ಕಂದೀಲು ಇಳಿಬಿಟ್ಟು, ಉರಿಯಿತೋ ಇಲ್ಲವೋ ನೋಡಿ, ಇಳಿಯುವವನ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಬೇಕು. ಎರಡು, ತಳ ಮುಟ್ಟಬಾರದು. ಮೊಣಕಾಲುದ್ದ ಕಾಳು ಹಾಗೆಯೇ ಬಿಡಬೇಕು. ಅದು ಹುಲುಸು, ಅದು ಲಕ್ಷ್ಮಿಯದು. ಮೇಲಿನ ಕಾಳನ್ನು ನಿಂತುಕೊಂಡೇ ಬುಟ್ಟಿಗೆ ಎಳೆದುಕೊಳ್ಳುವುದು, ಕಾಲಿನ ಕೆಳಗಿನದಕ್ಕೆ ಕೈ ಹಾಕದೆ ಮೇಲೆ ಬರುವುದು. ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳಿದರೆ ಆಯಿ, ಅಂದರೆ ನನ್ನ ಅಪ್ಪನ ತಾಯಿ, "ನಿನಗ ಎಲ್ಲಾ ಬೇಕ ನೋಡು" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಇಳಿಯುತ್ತಿದ್ದವನು ಸಂಗಪ್ಪ ಕಾಕಾ, ಅಪ್ಪನ ತಮ್ಮ. ಅವನ ಹೆಗಲು ಸಣ್ಣ, ಆ ಬಾಯಿಗೆ ಸರಿಯಾಗಿ ಹೊಂದುತ್ತಿತ್ತು. ಮಾತು ಮಾತ್ರ ದೊಡ್ಡದು. ಎತ್ತಿಗೂ ಹಾಸ್ಯ ಮಾಡುವವನು. ಆ ಬೇಸಿಗೆಯ ಕೊನೆಗೆ ದಾಳಿಂಬ ಎಂಬ ಊರಿನ ಹುಡುಗಿಯೊಂದಿಗೆ ಅವನ ಲಗ್ನ ನಿಶ್ಚಯವಾಗಿತ್ತು. ನಮ್ಮವ್ವ ಕುಪ್ಪಸದ ಖಣ ತೆಗೆದಿಟ್ಟಿದ್ದಳು. ಸಂಡಿಗೆ ಒಣಗುವ ವಾಸನೆ ಮಾಳಿಗೆಯಿಂದ ಇಡೀ ಮನೆಗೆ ಇಳಿಯುತ್ತಿತ್ತು.

ಆ ವಾಸನೆಯ ನಡುವೆಯೇ ಸುದ್ದಿ ಬಂತು. ಎಲ್ಲೋ ದೂರದಲ್ಲಿ ದೊಡ್ಡ ಲಡಾಯಿ ನಡೆದಿದೆ, ಕಾಳು ತುಟ್ಟಿಯಾಗಿದೆ, ಹಗೇವು ಇದ್ದವರೆಲ್ಲ ಎಷ್ಟು ಕಾಳಿದೆ ಎಂದು ಸರಕಾರಕ್ಕೆ ಹೇಳಬೇಕು ಎಂದು ಡಂಗುರ ಹೊಡೆದರು. ಹೇಳದವರ ಹಗೇವಿನ ಬಾಯಿ ಅಳೆದು, ಇಷ್ಟು ಕಾಳು ಇರಲೇಬೇಕು ಎಂದು ತಾವೇ ನಿಶ್ಚಯಿಸಿ, ಅಷ್ಟು ತಂದು ಹಾಕು ಎನ್ನುತ್ತಿದ್ದರಂತೆ. ನಿಲಂಗಾದ ಕಡೆ ಒಬ್ಬ ಒಕ್ಕಲಿಗನನ್ನು ಹಾಗೆ ಕರೆದೊಯ್ದವರು ಇನ್ನೂ ಬಿಟ್ಟಿಲ್ಲ ಎಂದು ಬಳೆಗಾರ ಹೇಳಿ ಹೋದ. ಆ ಸಂಜೆಯಿಂದ ಅಪ್ಪ ಊಟಕ್ಕೆ ಕೂತರೂ ಕಣ್ಣು ಬಾಗಿಲಿನ ಕಡೆಗೇ ಇರುತ್ತಿತ್ತು.

ನಿಜ ಹೇಳಬೇಕೆಂದರೆ ನಮ್ಮ ಹಗೇವಿನಲ್ಲಿ ಕಾಳು ಇರಲಿಲ್ಲ. ಚಳಿಗಾಲದಲ್ಲೇ ಅಪ್ಪ ತೆಗೆಸಿ ಉದಗೀರದ ಪೇಟೆಗೆ ಹಾಕಿದ್ದ. ಉಳಿದಿದ್ದು ತಳದ ಹುಲುಸು ಮಾತ್ರ. ಆದರೆ ಅಪ್ಪನ ತೊಡಕು ಬೇರೆ ಇತ್ತು. ಹಗೇವು ಬರಿದಾಗಿದೆ ಎಂದು, ತಪಾಸಣೆಗೆ ಊರೂರು ತಿರುಗುವ ಇಂಗ್ರೇಜಿ ಸಾಹೇಬನ ಮುಂದೆ ಹೇಳಬೇಕು. ಆ ಮಾತನ್ನು ಮನೆಯ ಯಜಮಾನ ತನ್ನ ಅಂಗಳದಲ್ಲಿ ನಿಂತು, ಮನೆಯಲ್ಲಿ ಲಗ್ನ ಇಟ್ಟುಕೊಂಡು, ಹೇಗೆ ಆಡುವುದು? ಆಡಿದರೆ ಆ ಮಾತೇ ನಿಜವಾಗಿ ಕೂರುತ್ತದೆ. ಇದನ್ನು ನೀವು ನಗುತ್ತಾ ಓದಬಹುದು. ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ.

ಆಗ ನಮ್ಮ ಪಡಸಾಲೆಯಲ್ಲಿ ಒಬ್ಬ ಮಾಸ್ತರರಿದ್ದರು. ವಾಡಿ ಟೇಸನ್ನಿನಲ್ಲಿ ತಿಕೀಟು ಕೊಡುತ್ತಿದ್ದವರು, ಕಣ್ಣು ಮಂಜಾಗಿ ಕೆಲಸ ಬಿಟ್ಟು ಬಂದಿದ್ದರು. ಅಪ್ಪ ಅವರಿಗೆ ಊಟ ಹಾಕಿ ಇಟ್ಟುಕೊಂಡಿದ್ದ, ಊರ ಹುಡುಗರಿಗೆ ನಾಲ್ಕು ಅಕ್ಷರ ಕಲಿಸಲಿ ಎಂದು. ಹುಡುಗರು ಹೊಲಕ್ಕೆ ಓಡುತ್ತಿದ್ದರು. ಮಾಸ್ತರರ ಎದುರು ಉಳಿದವಳು ನಾನು, ಮತ್ತು ದನ ಕಟ್ಟಿ ಬಂದು ಕಂಬಕ್ಕೆ ಒರಗಿ ಕೂರುವ ಕಾಕಾ.

ಮಾಸ್ತರರ ಇಂಗ್ರೇಜಿ ಅವರ ಟೇಸನ್ನಿನಷ್ಟೇ ಇತ್ತು. ಆದರೆ ಸಾಹೇಬರ ಎದುರು ನಿಲ್ಲುವ ಗುಟ್ಟು ತಮಗೆ ಗೊತ್ತು ಎನ್ನುತ್ತಿದ್ದರು. ಸಾಹೇಬರಿಗೆ ಬರೀ ಮಾತು ಹೇಳಿದರೆ ನಂಬುವುದಿಲ್ಲ, ಮಾತಿನ ಸೊಂಟಕ್ಕೆ ಒಂದು ಗಟ್ಟಿ ಶಬ್ದ ಕಟ್ಟಬೇಕು. ತೊಳೆದೆ ಎಂದರೆ ಸಾಲದು, ಥರೋಲಿ ತೊಳೆದೆ ಎನ್ನಬೇಕು. ಯಾವ ಶಬ್ದ ಯಾವುದಕ್ಕೆ ಹತ್ತುತ್ತದೆ ಎಂದು ಅವರು ನೆಲದ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸುತ್ತಿದ್ದರು. ಥರೋಲಿ ಕೈಕೆಲಸಕ್ಕೆ: ತೊಳೆಯುವುದು, ಉಜ್ಜುವುದು, ಹುಡುಕುವುದು. ಕಂಪ್ಲೀಟ್ಲಿ ಒಂದು ವಸ್ತು ಯಾವ ಸ್ಥಿತಿಯಲ್ಲಿದೆ ಎನ್ನುವುದಕ್ಕೆ: ಒಣಗಿದ್ದು, ಮುಚ್ಚಿದ್ದು, ಬರಿದಾಗಿದ್ದು. ಫುಲ್ಲಿ ತುಂಬಿದ್ದಕ್ಕೆ, ತಿಳಿದದ್ದಕ್ಕೆ. ಎಂಟೈರ್ಲಿ ತಪ್ಪು ಯಾರದು, ಹೊಣೆ ಯಾರದು ಎನ್ನುವಾಗ. ಅಟರ್ಲಿ ಎಂಬುದನ್ನು ಅವರು ಅಂಗಳಕ್ಕೆ ಇಳಿದು ಹೇಳಿಕೊಟ್ಟರು. ಅದು ಕೆಟ್ಟದ್ದಕ್ಕೆ ಮಾತ್ರ ಹತ್ತುತ್ತದೆ, ಮನೆಯ ಒಳಗೆ ಬೇಡ ಎಂದರು.

ಒಳಗಿನಿಂದ ಆಯಿ ಕೇಳಿದಳು: "ಕೆಟ್ಟದ್ದಕ್ಕಷ್ಟೇ ಹತ್ತೋ ಮಾತು ಕೂಸಿಗಿ ಯಾಕ ಕಲಸ್ತೀರಿ ಮಾಸ್ತರ?"

"ಕೆಟ್ಟದ್ದು ಬಂದಾಗ ಅದರ ಹೆಸರು ಗೊತ್ತಿರಬೇಕಲ್ರೀ ಆಯಿ," ಎಂದರು ಅವರು.

ನನಗೂ ಕಾಕಾಗೂ ಆ ಶಬ್ದಗಳು ಆಟವಾದವು. ಅವನು ಹಳ್ಳದಲ್ಲಿ ಎತ್ತು ತೊಳೆಯುವಾಗ ನಾನು ದಂಡೆಯ ಮೇಲೆ ನಿಂತು ಸಾಹೇಬನ ಹಾಗೆ ಕೈ ಕಟ್ಟಿಕೊಂಡು ಕೂಗುತ್ತಿದ್ದೆ: "ಥರೋಲಿ?" ಅವನು ಎತ್ತಿನ ಹಿಂದಿನಿಂದ ಎದ್ದು ಸಲಾಮು ಮಾಡಿ, "ಕಂಪ್ಲೀಟ್ಲಿ!" ಎನ್ನುತ್ತಿದ್ದ. ಎತ್ತಿನ ಒಂದು ಕಿವಿ ಮಾತ್ರ ಕೆಸರಾಗಿಯೇ ಉಳಿದಿರುತ್ತಿತ್ತು, ಬೇಕೆಂದೇ. ಅದು ಯಾಕೆ ಎಂದು ಕೇಳಿದರೆ, "ಎಲ್ಲಾ ತೊಳದ್ರ ಹಳ್ಳದಾಗ ನೀರಿಗಿ ಕೆಲಸ ಏನುಳೀತದ, ಕಾಶಿ?" ಎನ್ನುತ್ತಿದ್ದ. ರೊಟ್ಟಿ ತಿಂದು ಎದ್ದರೆ ತಟ್ಟೆಯಲ್ಲಿ ಒಂದು ತುಂಡು ಬಿಟ್ಟು ನನ್ನ ಕಡೆ ಸರಿಸುತ್ತಿದ್ದ. ದಿನಕ್ಕೆ ಎಷ್ಟು ಸಲ ಆ ಕೂಗು, ಆ ಉತ್ತರ! ಅವ್ವ ಕಿವಿ ಮುಚ್ಚಿಕೊಳ್ಳುತ್ತಿದ್ದಳು.

ಸಾಹೇಬ ನಮ್ಮ ಊರಿಗೂ ಬರುತ್ತಾನೆ ಎಂದು ಗೊತ್ತಾದ ದಿನ ಉಪಾಯ ಹೇಳಿದ್ದು ಆಯಿ. ಅಪ್ಪ, ಕಾಕಾ, ಮಾಸ್ತರರು ಪಡಸಾಲೆಯಲ್ಲಿ ಕೂತಿದ್ದರು. ಸಾಹೇಬನ ಜೊತೆ ಕಾಗದಪತ್ರ ನೋಡುವ ಒಬ್ಬ ಪೇಶಕಾರ ಇರುತ್ತಾನೆ, ನಮ್ಮ ಮಾತನ್ನು ಅವನು ಹೇಗೆ ತಿರುಗಿಸಿ ಹೇಳುತ್ತಾನೋ ಎಂಬ ಅಂಜಿಕೆ ಒಂದು ಕಡೆ. ಆಡಬಾರದ ಮಾತು ಇನ್ನೊಂದು ಕಡೆ. ಆಯಿ ಹತ್ತಿ ಬಿಡಿಸುತ್ತಾ ಕೂತವಳು ತಲೆ ಎತ್ತದೆ ಹೇಳಿದಳು.

"ಕನ್ನಡ ಹಗೇವಿಗಿ ತಿಳೀತದ. ಮರಾಠಿ ತಿಳೀತದ, ತುರಕ ಮಾತು ಭೀ ತಿಳೀತದ. ಮೂರೂ ಈ ಅಂಗಳದಾಗ ಆಡೀವಿ. ಹಗೇವಿಗಿ ಇಂಗ್ರೇಜಿ ಬರಂಗಿಲ್ಲ. ಇಂಗ್ರೇಜಿದಾಗ ಹೇಳ್ರಿ."

"ಯಾರು ಹೇಳ್ತಾರ, ಅವ್ವಾ?" ಎಂದ ಅಪ್ಪ. "ನನ್ನ ನಾಲಿಗಿ ತಿರುಗಂಗಿಲ್ಲ."

"ಕಾಶಿ ಹೇಳ್ಲಿ. ಆಕಿ ನಾಳಿ ಮಂದಿ ಮನಿಗಿ ಹೋಗಾಕಿ. ಆಕಿ ಆಡಿದ ಮಾತು ಈ ಮನಿಗಿ ಹತ್ತಂಗಿಲ್ಲ."

ಎರಡು ಬೀಗ ಹಾಕಿದ ಹಾಗೆ. ವ್ಯಾಪಾರಕ್ಕೆ ಬಂದ ಮೇಲೆ ಎಷ್ಟೋ ಜಾಣರನ್ನು ನೋಡಿದ್ದೇನೆ, ಆಯಿಯಷ್ಟು ಬಿಗಿಯಾಗಿ ಕರಾರು ಕಟ್ಟಿದವರನ್ನು ಕಂಡಿಲ್ಲ. ಅಪ್ಪನ ಮುಖದ ಮೇಲೆ ಎಷ್ಟೋ ದಿನಗಳ ನಂತರ ಕಳೆ ಬಂತು. ಮಾಸ್ತರರು ಆ ಕ್ಷಣದಿಂದಲೇ ನನಗೆ ವಾಕ್ಯ ಕಲಿಸತೊಡಗಿದರು. ಕೈ ಎಲ್ಲಿರಬೇಕು, ಕಣ್ಣು ಎಲ್ಲಿರಬೇಕು, ಕಂಪ್ಲೀಟ್ಲಿ ಎನ್ನುವಾಗ ಉಸಿರು ಎಲ್ಲಿ ಹಿಡಿಯಬೇಕು. ನಾನು ಅಟ್ಟದ ಮೇಲೆ ಹೋಗಿ ಪಾರಿವಾಳಗಳಿಗೆಲ್ಲ ಹೇಳಿ ಬಂದೆ.

ಸಾಹೇಬ ಕುದುರೆಯ ಮೇಲೆ ಬಂದ, ಬಿಸಿಲು ನೆತ್ತಿಗೆ ಏರುವ ಹೊತ್ತಿಗೆ. ಮುಖ ಗೆಣಸಿನ ಸಿಪ್ಪೆಯಂತೆ ಕೆಂಪು. ಹಿಂದೆ ಪೇಶಕಾರ, ಅವನ ಹಿಂದೆ ಚಪರಾಸಿಗಳು. ಬೇವಿನ ನೆರಳಿನಲ್ಲಿ ಕುರ್ಚಿ ಹಾಕಿದೆವು. ಕುರ್ಚಿಯ ಒಂದು ಕಾಲು ಚಪ್ಪಡಿಯ ಮೇಲೆ ಇತ್ತು. ಸಾಹೇಬ ಕೂತಾಗ ಕೆಳಗಿನಿಂದ ಆ ಧಬ್ ಸದ್ದು ಬಂತು. ಆಯಿ ಬಾಗಿಲಲ್ಲಿ ನಿಂತವಳು ಹಣೆಯ ವಿಭೂತಿ ಮುಟ್ಟಿಕೊಂಡಳು.

ಪೇಶಕಾರ ಉರ್ದುವಿನಲ್ಲಿ ಕೇಳಿದ, ಹಗೇವಿನಲ್ಲಿ ಎಷ್ಟಿದೆ ಎಂದು. ಅಪ್ಪ ನನ್ನ ಕಡೆ ನೋಡಿದ. ನಾನು ಮುಂದೆ ಬಂದು ಸಾಹೇಬನ ಬೂಟು ನೋಡುತ್ತಾ ಹೇಳಿದೆ: "ಸರ್, ದಿ ಪಿಟ್ ಈಸ್ ಕಂಪ್ಲೀಟ್ಲಿ ಎಂಪ್ಟಿ."

ಸಾಹೇಬ ಕುರ್ಚಿಯಲ್ಲಿ ಮುಂದೆ ಬಗ್ಗಿದ. ಮೂಗಿನ ಬೆವರು ಒರೆಸಿಕೊಂಡು ನಕ್ಕ. "ಕಂಪ್ಲೀಟ್ಲಿ?" ಎಂದು ಕೇಳಿದ. ಮಾಸ್ತರರ ಕಡೆ ನೋಡಿದೆ. ಅವರು ಹೆಮ್ಮೆಯಿಂದ ತಲೆ ಆಡಿಸುತ್ತಿದ್ದರು. "ಎಂಟೈರ್ಲಿ, ಸರ್," ಎಂದೆ. ಸಾಹೇಬ ತನ್ನ ಚೀಲದಿಂದ ಒಂದು ಬಿಸ್ಕೀಟು ತೆಗೆದು ಕೊಟ್ಟ. ಎಲ್ಲರೂ ಮೆಲ್ಲಗೆ ಉಸಿರು ಬಿಟ್ಟರು.

ಒಬ್ಬನನ್ನು ಬಿಟ್ಟು. ತನ್ನನ್ನು ದಾಟಿ ಸಾಹೇಬನಿಗೆ ನೇರ ಮಾತು ಹೋಯಿತು ಎಂದು ಪೇಶಕಾರನ ಮುಖ ಸಣ್ಣದಾಗಿತ್ತು. ದಲ್ಲಾಳಿಯನ್ನು ಬಿಟ್ಟು ವ್ಯವಹಾರ ಮಾಡಬೇಕೆಂದರೆ ಅವನಿಗೊಂದು ಎಲೆ-ಅಡಿಕೆಯಾದರೂ ಮೊದಲೇ ಮುಟ್ಟಿಸಬೇಕು; ಇದನ್ನು ನಾನು ಕಲಿತದ್ದು ಎಷ್ಟೋ ವರ್ಷಗಳ ಮೇಲೆ. ಅವನು ಬಗ್ಗಿ ಸಾಹೇಬನ ಕಿವಿಯಲ್ಲಿ ಏನೋ ಹೇಳಿದ. ಸಾಹೇಬ ಭುಜ ಕುಣಿಸಿ ಎದ್ದ. ಪೇಶಕಾರ ಅಪ್ಪನ ಕಡೆ ತಿರುಗಿ, ಈ ಸಲ ನಮ್ಮ ಮಾತಿನಲ್ಲೇ, ಬಹಳ ಮೃದುವಾಗಿ ಹೇಳಿದ.

"ಪಾಟೀಲ್ರೇ, ಸ್ವಲ್ಪ ಅದ ಅಂದಿದ್ರ ಸ್ವಲ್ಪ ಅಂತ ಹಿಡೀತಿದ್ದಿವಿ. ನಿಮ್ಮ ಕೂಸು ಸಾಹೇಬರ ಮುಂದ ಏನೇನೂ ಇಲ್ಲ ಅಂದದ. ನಾಳಿ ಮಧ್ಯಾಹ್ನ ನಮ್ಮ ಮನುಷ್ಯ ಇಳಿದು ತಳ ನೋಡ್ತಾನ. ಒಂದು ಕಾಳು ಸಿಕ್ರೂ ಅದು ಕಾಳಿನ ಗುನ್ಹಾ ಅಲ್ಲ, ಸುಳ್ಳಿನ ಗುನ್ಹಾ. ನಿಲಂಗಾಕ್ಕ ಬರೂ ತಯಾರಿ ಇಟ್ಕೋರಿ."

ಬಿಸ್ಕೀಟು ನನ್ನ ಕೈಯಲ್ಲೇ ಮೆತ್ತಗಾಯಿತು. ತಿಂದೆನೋ ಇಲ್ಲವೋ ನೆನಪಿಲ್ಲ.

ಆ ದಿನವೆಲ್ಲ ಚಪರಾಸಿಗಳು ಓಣಿಯಲ್ಲೇ ಸುತ್ತುತ್ತಿದ್ದರು, ಕತ್ತಲಾದ ಮೇಲೆ ಹಗೇವು ತೆಗೆಯುವಂತಿರಲಿಲ್ಲ. ಮರುದಿನ ಬೆಳಗಾಗುತ್ತಲೇ ಚಪ್ಪಡಿ ಸರಿಸಿದರು. ಒಳಗಿನ ಬಿಸಿಗಾಳಿ ಒಂದೇ ಸಲ ಮೇಲೆ ಬಂತು. ಹುಳಿ ಬಂದ ಅಂಬಲಿಯ ವಾಸನೆ, ಅದರ ಹಿಂದೆ ಇನ್ನೊಂದು ವಾಸನೆ, ಒದ್ದೆ ಕಂಬಳಿ ಮುಚ್ಚಿಕೊಂಡು ಬಹಳ ದಿನ ಮಲಗಿದವರ ಕೋಣೆಯದು. ಹಗೇವು ತೆಗೆದ ದಿನ ಸುತ್ತ ಚೆಲ್ಲಿದ ಕಾಳಿಗೆ ಪಾರಿವಾಳಗಳು ಮುತ್ತುತ್ತಿದ್ದವು. ಅಂದು ಅವು ಮಾಳಿಗೆಯ ಅಂಚಿನಲ್ಲೇ ಸಾಲಾಗಿ ಕೂತವು, ಇಳಿಯಲಿಲ್ಲ.

ಒಂದು ಹಗಲು ಒಂದು ರಾತ್ರಿ ಉಸಿರು ಬಿಡಲು ಎಲ್ಲಿಯ ಸಮಯ? ಬಿಸಿಲು ಮನೆಯ ಮಗ್ಗುಲಿಗೆ ಬರುವವರೆಗೆ ಕಾದರು, ಅಷ್ಟೇ. ಅಪ್ಪ ಕಂದೀಲು ಇಳಿಬಿಟ್ಟ. ಹಗ್ಗದ ಮೇಲೆ ಹಳೆಯ ಗಂಟೊಂದಿತ್ತು, ಕಾಳಿನ ಮೇಲೆ ನಿಂತವನ ಎದೆಯ ಮಟ್ಟಕ್ಕೆ ಕಂದೀಲು ಬರುವ ಗಂಟು. ಅಲ್ಲಿಯವರೆಗೆ ಅದು ನೆಟ್ಟಗೆ ಉರಿಯಿತು. ಅದಕ್ಕಿಂತ ಕೆಳಗೆ ಬಿಟ್ಟು ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅದಕ್ಕಿಂತ ಕೆಳಗೆ ನಮ್ಮವರು ಯಾರೂ ಎಂದೂ ಹೋಗಿರಲಿಲ್ಲವಲ್ಲ.

ಆಯಿ ಹೊಸ್ತಿಲಿನಿಂದ ಇಳಿದು ಬಂದಳು. "ತಳ ಮುಟ್ಟಬ್ಯಾಡ್ರಿ. ಒಂದು ಬೊಗಸಿ ಬಿಡ್ರಿ."

"ಒಂದು ಕಾಳು ಸಿಕ್ರೂ ನನ್ನ ಒಯ್ತಾರ, ಅವ್ವಾ," ಎಂದ ಅಪ್ಪ. ಅವನ ದನಿ ಅಷ್ಟು ತೆಳ್ಳಗೆ ಬಂದದ್ದನ್ನು ನಾನು ಆವರೆಗೆ ಕೇಳಿರಲಿಲ್ಲ. ಮಾಸ್ತರರು ಗೋಡೆಗೆ ಮುಖ ಮಾಡಿ ನಿಂತಿದ್ದರು. ಕಾಕಾ ಧೋತರ ಎತ್ತಿ ಕಟ್ಟಿ ಸೊಂಟಕ್ಕೆ ಹಗ್ಗ ಬಿಗಿದುಕೊಳ್ಳುತ್ತಿದ್ದ.

"ಯಾವಾಗೂ ನಾನೇ ಇಳಿಯಾಂವ," ಎಂದ. "ಬರ್ತೀನಿ, ಅವ್ವಾ," ಎಂದು ಆಯಿಗೆ ಹೇಳಿದ. ನನ್ನ ಕಡೆ ಕಣ್ಣು ಹೊಡೆದ. "ಸಾಹೇಬ್ರೇ, ಮ್ಯಾಲ ನಿಂತು ಕೇಳ್ರಿ ನೀವು."

ಒಳಗೆ ಇಳಿದವನ ದನಿ ನಿಲ್ಲದಂತೆ ಮಾತಾಡಿಸುತ್ತಾ ಇರುವುದು ನಮ್ಮಲ್ಲಿ ವಾಡಿಕೆ. ಅಂದು ಆ ಕೆಲಸ ನನ್ನದಾಯಿತು. ನಾನು ಬಾಯಿಯ ಅಂಚಿನಲ್ಲಿ ಹೊಟ್ಟೆಯ ಮೇಲೆ ಮಲಗಿದೆ. ಅವ್ವ ನನ್ನ ಲಂಗದ ಚುಂಗು ಹಿಡಿದುಕೊಂಡು ಹಿಂದೆ ಕೂತಳು. ಕೆಳಗೆ ಕಂದೀಲಿನ ಬೆಳಕಿನಲ್ಲಿ ಕಾಕಾನ ನೆತ್ತಿ ಮತ್ತು ಹೆಗಲು ಕಾಣುತ್ತಿದ್ದವು. ಅವನು ಬುಟ್ಟಿ ತುಂಬಿದ ಕೂಡಲೇ ನಾನು ಕೂಗುತ್ತಿದ್ದೆ, "ಥರೋಲಿ?" ಕೆಳಗಿನಿಂದ ಗಡಿಗೆಯ ಒಳಗಿನ ದನಿ ಬರುತ್ತಿತ್ತು, "ಕಂಪ್ಲೀಟ್ಲಿ!" ಅಪ್ಪ ಬುಟ್ಟಿ ಎಳೆಯುತ್ತಿದ್ದ.

ಮೊದಲು ಬಂದ ಕಾಳು ಬಿಳಿಯದಿತ್ತು. ಆಮೇಲೆ ಬೂದಿ ಬಣ್ಣದ್ದು ಬಂತು, ಮುಟ್ಟಿದರೆ ಬೆಚ್ಚಗೆ. ಆಮೇಲೆ ಹೆಂಟೆ ಹೆಂಟೆಯಾಗಿ ಕಪ್ಪು, ಒಂದಕ್ಕೊಂದು ಅಂಟಿಕೊಂಡದ್ದು. ಅದನ್ನು ಸುರಿದ ಕಡೆ ಅವ್ವ ಮೂಗಿಗೆ ಸೆರಗು ಒತ್ತಿಕೊಂಡಳು. ಕುರಪಿಯಿಂದ ಕೆರೆದು ಹೆಂಟೆ ಕೀಳಲು ಕಾಕಾ ಬಗ್ಗಬೇಕಾಯಿತು. ಮೊದಲು ಬಗ್ಗಿ ಬಗ್ಗಿ ಏಳುತ್ತಿದ್ದ. ಆಮೇಲೆ ಕೂತೇಬಿಟ್ಟ. ಈಗ ಅವನ ನೆತ್ತಿ ಕಂದೀಲಿಗಿಂತ ಕೆಳಗೆ, ಬೆಳಕಿನ ಆಚೆ ಹೋಯಿತು. ಕುರಪಿ ಕೆರೆಯುವ ಸದ್ದು ಮಾತ್ರ.

"ಥರೋಲಿ?"

"ಕಂಪ್ಲೀಟ್ಲಿ." ಕಂಬಳಿಯ ಒಳಗಿನಿಂದ ಬಂದಂತೆ ಇತ್ತು. ಆಮೇಲೆ ಅವನು ನಕ್ಕ. ಏನೂ ಇರಲಿಲ್ಲ, ಸುಮ್ಮನೆ ನಕ್ಕ, ನಿಲ್ಲಿಸದೆ.

"ಅಪ್ಪಾ, ಕಾಕಾ ಸುಮ್ಮ ಸುಮ್ಮ ನಗಲತ್ಯಾನ," ಎಂದೆ.

ಅಪ್ಪ ದಾರಿಯ ಕಡೆ ನೋಡುತ್ತಿದ್ದ, ಚಪರಾಸಿಯ ರುಮಾಲು ಕಾಣುತ್ತದೇನೋ ಎಂದು. "ಅಂವಾ ಯಾವಾಗ ನಕ್ಕಿಲ್ಲ?" ಎಂದ.

ನಾನು ಮತ್ತೆ ಕೂಗಿದೆ. ಕುರಪಿಯ ಸದ್ದು ನಿಂತಿತ್ತು. ಇನ್ನೊಮ್ಮೆ ಕೂಗಿದೆ. ನನ್ನ ದನಿಯೇ ಹಗೇವಿನ ಹೊಟ್ಟೆ ಸುತ್ತಿ ತಿರುಗಿ ಬಂತು, ಥರೋಲಿ, ಥರೋಲಿ ಎಂದು. ಅವ್ವ ನನ್ನನ್ನು ಹಿಂದಕ್ಕೆ ಎಳೆದು ಹಾಕಿ, ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಮೊದಲ ಸಲ ಮೈದುನನ ಹೆಸರು ಹಿಡಿದು ಕೂಗಿದಳು. ಆಗ ಅಪ್ಪನಿಗೆ ತಿಳಿಯಿತು.

ಹಗ್ಗ ಇದ್ದದ್ದಕ್ಕೆ ಎಳೆಯಲು ಬಂತು. ಓಣಿಯವರು ಓಡಿ ಬಂದು ಕೈ ಹಚ್ಚಿದರು. ಸಣ್ಣ ಹೆಗಲು ಎಂದು ಹೇಳಿದೆನಲ್ಲ, ಆ ಹೆಗಲೂ ಸೋತ ಮೈಯಾದಾಗ ಆ ಬಾಯಿಗೆ ಹಿಡಿಯಲಿಲ್ಲ. ತೋಳು ಒಂದೊಂದಾಗಿ ಬಿಡಿಸಿ ತೆಗೆದರು. ತುಟಿ ನೇರಳೆ ತಿಂದವನ ಹಾಗಿತ್ತು. ಮುಷ್ಟಿಯಲ್ಲಿ ಕಪ್ಪು ಹೆಂಟೆ ಹಾಗೇ ಇತ್ತು. ಆಯಿ ಮೊರದಿಂದ ಗಾಳಿ ಹಾಕಿದಳು, ಮಾಸ್ತರರು ಪಾದ ಉಜ್ಜಿದರು, ಅವ್ವ ಎದೆ ಒತ್ತಿದಳು. ಎಷ್ಟೋ ಹೊತ್ತಿನ ಮೇಲೆ ಒಂದು ಉಸಿರು ಬಂತು. ಆಮೇಲೆ ಇನ್ನೊಂದು. ಉದಗೀರದ ಹಕೀಮರನ್ನು ಗಾಡಿ ಕಟ್ಟಿ ಕರೆತಂದರು. ಅವರು ಕಣ್ಣಿನ ರೆಪ್ಪೆ ಎತ್ತಿ ನೋಡಿ, ಬದುಕುತ್ತಾನೆ ಎಂದರು. ಹೇಗೆ ಎಂದು ಹೇಳಲಿಲ್ಲ.

ಆ ಮಧ್ಯಾಹ್ನ ಯಾರೂ ತಳ ನೋಡಲು ಬರಲಿಲ್ಲ. ಸಾಹೇಬನ ಡೇರೆ ಆ ಬೆಳಗ್ಗೆಯೇ ಎದ್ದು ಮುಂದಿನ ಊರಿಗೆ ಹೋಗಿತ್ತು. ಹಲವು ದಿನ ಕಳೆದ ಮೇಲೆ ಬೇರೆ ಕೆಲಸಕ್ಕೆ ಬಂದ ಚಪರಾಸಿಯೊಬ್ಬ ನಮ್ಮಲ್ಲಿ ಮಜ್ಜಿಗೆ ಕೇಳಿ ಕುಡಿದ. ಲೋಟ ಕೆಳಗಿಡುತ್ತಾ, ತೆರೆದೇ ಇದ್ದ ಹಗೇವಿನ ಬಾಯಿಯ ಕಡೆ ನಿಂತಲ್ಲಿಂದಲೇ ನೋಡಿ, "ಖಾಲಿನೇ ಅದಲ್ಲಾ," ಎಂದು ನಮ್ಮ ಕನ್ನಡದಲ್ಲೇ ಹೇಳಿ ಹೋದ. ಯಾರೂ ಅವನ ತುಟಿಗೆ ಬಡಿಯಲಿಲ್ಲ.

ಕಾಕಾ ಎದ್ದು ಕೂತ. ಕೈಗೆ ಕೊಟ್ಟರೆ ಉಂಡ. ಎತ್ತು ಬಿಟ್ಟರೆ ಅದರ ಹಿಂದೆ ಹಳ್ಳಕ್ಕೆ ಹೋದ. ಆದರೆ ಅವ್ವನನ್ನೂ ಕಂಬವನ್ನೂ ಒಂದೇ ರೀತಿ ನೋಡುತ್ತಿದ್ದ. ಮಾತು ಹೋಗಿತ್ತು. ಕನ್ನಡ, ಮರಾಠಿ, ಎತ್ತುಗಳಿಗೆ ಹೇಳುತ್ತಿದ್ದ ಹಾಸ್ಯ, ನನ್ನ ಹೆಸರು, ಏನೂ ಉಳಿಯಲಿಲ್ಲ. ಮಾಸ್ತರರು ನೆಲದ ಮೇಲೆ ಗೆರೆ ಎಳೆದು ಕಲಿಸಿದ ಶಬ್ದಗಳು ಮಾತ್ರ ಉಳಿದಿದ್ದವು, ತಾವು ಯಾವುದಕ್ಕೆ ಹತ್ತಬೇಕೋ ಆ ಮಾತುಗಳೇ ಇಲ್ಲದೆ. ರೊಟ್ಟಿ ಬೇಕೇ ಎಂದರೆ "ಫುಲ್ಲಿ." ಮಳೆ ಬಂದರೆ "ಎಂಟೈರ್ಲಿ." ಮನೆಯ ಒಳಗೆ ಬೇಡ ಎಂದಿದ್ದ ಆ ಶಬ್ದವನ್ನೂ ಒಮ್ಮೊಮ್ಮೆ ಒಳಗೇ ಕೂತು ಹೇಳುತ್ತಿದ್ದ. ಅದನ್ನು ಕೇಳಿದ ದಿನವೇ ಮಾಸ್ತರರು ಗಂಟು ಕಟ್ಟಿದರು. ಹೋಗುವಾಗ ಅವರು "ಬರತೀನಿ" ಎನ್ನಲಿಲ್ಲ. ದಾಳಿಂಬದವರು ಒಬ್ಬ ಹಿರಿಯರನ್ನು ಕಳಿಸಿ, ತಲೆ ತಗ್ಗಿಸಿ, ತಾಂಬೂಲ ತಿರುಗಿಸಿದರು. ಅವರದು ತಪ್ಪು ಎಂದು ಯಾರು ಹೇಳಬೇಕು?

ಆಯಿ ಆ ವಿಷಯ ಒಂದೇ ಸಲ ಆಡಿದಳು. ಹತ್ತಿ ಬಿಡಿಸುತ್ತಾ ಕೂತಿದ್ದಳು. ಅಂಗಳದಲ್ಲಿ ಕಾಕಾ ಓಡಾಡುತ್ತಿದ್ದ. ತಲೆ ಎತ್ತದೆ, ಯಾರಿಗೂ ಹೇಳದ ಹಾಗೆ ಹೇಳಿದಳು: "ಹಗೇವಿಗಿ ಇಂಗ್ರೇಜಿ ಬರ್ತದ."

ಕಾಕಾ ಸಂಜೆ ಆಗುತ್ತಲೇ ಹಗೇವಿನ ಬಾಯಿಗೆ ಹೋಗಿ ಹೊಟ್ಟೆಯ ಮೇಲೆ ಮಲಗುತ್ತಿದ್ದ, ಅಂದು ನಾನು ಮಲಗಿದ ಹಾಗೆ. ಒಳಗೆ ಮುಖ ಮಾಡಿ ಕೂಗುತ್ತಿದ್ದ, "ಥರೋಲಿ?" ಕೂಗಿ ಕಿವಿಗೊಡುತ್ತಿದ್ದ. ಮತ್ತೆ ಕೂಗುತ್ತಿದ್ದ. ಕೆಳಗೆ ಇನ್ನೂ ಯಾರ ಉತ್ತರಕ್ಕೋ ಕಾಯುವವನ ಹಾಗೆ. ನಾವು ಕೈ ಹಿಡಿದು ಎಳೆದರೆ ಮೈ ಬಿಗಿ ಮಾಡುತ್ತಿದ್ದ. ಕತ್ತಲಾಗುವವರೆಗೆ ಏಳುತ್ತಿರಲಿಲ್ಲ. ಬಾಯಿಗೆ ಚಪ್ಪಡಿ ಎಳೆದ ಮೇಲೆಯೂ ಚಪ್ಪಡಿಗೆ ತುಟಿ ಹಚ್ಚಿ ಕೂಗುತ್ತಿದ್ದ. ನಮ್ಮ ಮನೆಗೆ ಬಂದ ನೆಂಟರು ಸಂಜೆಯ ಒಳಗೇ ಹೊರಡತೊಡಗಿದರು.

ಎಷ್ಟೋ ವರ್ಷ ಹಾಗೆ ನಡೆಯಿತು. ನನ್ನ ಲಗ್ನವಾಯಿತು, ಗಂಡ ಬೇಗ ಹೋದ, ನಾನು ಗೋಣಿತಟ್ಟು ಹಾಸಿದೆ. ತೊಗರಿ ಖರೀದಿಗೆ ಸೋಲಾಪುರದಿಂದ ಒಬ್ಬ ಏಜೆಂಟ ಬರುತ್ತಿದ್ದ. ಎಂಥ ಮಾಲು ತೋರಿಸಿದರೂ "ನಿಯರ್ಲಿ, ನಿಯರ್ಲಿ" ಎಂದು ದರ ಇಳಿಸುತ್ತಿದ್ದ. ಹಾಗೆಂದರೇನು ಎಂದು ಕೇಳಿದೆ. ಹತ್ತಿರ ಬಂದಿದೆ, ಇನ್ನೂ ಸ್ವಲ್ಪ ಉಳಿದಿದೆ ಎಂದು ಅರ್ಥ ಎಂದ. ಅಂಥದೊಂದು ಶಬ್ದವೂ ಇಂಗ್ರೇಜಿಯಲ್ಲಿ ಇದೆ ಎಂದು ನನಗೆ ಅಂದು ಗೊತ್ತಾಯಿತು. ಅಂದು ನಾನು ದರ ಚೌಕಾಶಿ ಮಾಡಲಿಲ್ಲ. ತೂಕ ಹಾಕಿಸಿ, ಅಂಗಡಿ ಎತ್ತಿ, ತವರಿಗೆ ಗಾಡಿ ಹತ್ತಿದೆ.

ಸಂಜೆಯಾಗಿತ್ತು. ಕಾಕಾ ಚಪ್ಪಡಿಯ ಮೇಲೆ ಮಲಗಿದ್ದ, ಕೂದಲು ಬೆಳ್ಳಗಾಗಿತ್ತು. "ಥರೋಲಿ?" ಎಂದು ಕೂಗಿ ಕಿವಿ ಹಚ್ಚಿದ. ನಾನು ಅವನ ಬೆನ್ನ ಹಿಂದೆ ಕೂತು, ಬಾಯಿಗೆ ಸೆರಗು ಅಡ್ಡ ಹಿಡಿದು, ದನಿ ಕೆಳಗಿನಿಂದ ಬಂದ ಹಾಗೆ ಹೇಳಿದೆ.

"ನಿಯರ್ಲಿ, ಕಾಕಾ."

ಅವನು ಅಲುಗಾಡಲಿಲ್ಲ. ಆಮೇಲೆ ಮೆಲ್ಲಗೆ ಎದ್ದು ಮೊಣಕಾಲಿನ ಮಣ್ಣು ಕೊಡವಿದ. ನನ್ನನ್ನು ನೋಡದೆ, ಬೆಳಕು ಇರುವಾಗಲೇ, ಮನೆಯೊಳಗೆ ಹೋಗಿ ಊಟಕ್ಕೆ ಕೂತ. ರೊಟ್ಟಿಯ ಕೊನೆಯ ತುಂಡು ತಟ್ಟೆಯಲ್ಲಿ ಬಿಟ್ಟ, ಯಾರ ಕಡೆಗೂ ಸರಿಸದೆ. ಆ ಮೇಲೆ ತವರಿಗೆ ಹೋದಾಗಲೆಲ್ಲ ನಾನು ಆ ಉತ್ತರ ಕೊಟ್ಟೆ. ನಾನಿಲ್ಲದ ಸಂಜೆಗಳಲ್ಲಿ ಅವ್ವ ಕೊಡಲು ಕಲಿತಳು.

ಈಗ ಕಾಕಾ ಇಲ್ಲ, ಅವ್ವ ಇಲ್ಲ. ಬೇವಿನ ಗಿಡ ಕಡಿದಾಯಿತು. ಮೊಮ್ಮಕ್ಕಳು ಶಾಲೆಯಲ್ಲಿ ಮರಾಠಿ ಓದುತ್ತಾರೆ, ಆ ಇಂಗ್ರೇಜಿ ಶಬ್ದಗಳನ್ನೆಲ್ಲ ಒಂದೇ ಬೆಳಗ್ಗೆ ಬಾಯಿಪಾಠ ಮಾಡುತ್ತಾರೆ. ಡಬ್ಬಿ ಖಾಲಿ, ಸಕ್ಕರೆ ಖಾಲಿ ಎಂದು ದೀಪ ಹಚ್ಚುವ ಹೊತ್ತಿನಲ್ಲೂ ಕೂಗಾಡುತ್ತಾರೆ. ಗದರಿಸುವ ಕನ್ನಡ ಮನೆಯಲ್ಲಿ ನನ್ನೊಬ್ಬಳ ಬಾಯಲ್ಲಿ ಉಳಿದಿದೆ, ಅದು ಅವರಿಗೆ ತಿಳಿಯುವುದಿಲ್ಲ. ಅಂಗಡಿಯಲ್ಲಿ ಆಳು ಚೀಲ ಕೊಡವಲು ಹೋದರೆ ಕೈ ಹಿಡಿಯುತ್ತೇನೆ, ಒಂದು ಹಿಡಿ ತಳದಲ್ಲಿ ಬಿಡು ಎನ್ನುತ್ತೇನೆ. ಮುದುಕಿ ಜಿಪುಣಿ ಎಂದುಕೊಳ್ಳುತ್ತಾನೆ.

ಹೋದ ದೀಪಾವಳಿಗೆ ತವರಿಗೆ ಹೋಗಿದ್ದೆ. ಹಗೇವು ಇದ್ದ ಕಡೆ ಮಣ್ಣು ತುಂಬಿ, ಮೇಲೆ ಸಿಮೆಂಟು ಬಳಿದು, ಮೋಟರ ಸೈಕಲ್ಲು ನಿಲ್ಲಿಸಿದ್ದರು. ಯಾರೂ ನೋಡದ ಹೊತ್ತು ನೋಡಿ ಅದರ ಮೇಲೆ ನಿಂತು ಕಾಲಿನಿಂದ ಬಡಿದೆ. ಇನ್ನೊಮ್ಮೆ ಜೋರಾಗಿ ಬಡಿದೆ. ಕೆಳಗಿನಿಂದ ಯಾವ ಸದ್ದೂ ಬರಲಿಲ್ಲ.

ಪೂರಾ ಮುಚ್ಚಿದ್ದಾರೆ.